ಮೊಳಕೆ ಹೆಸರು, ಹಳೆಯ ಜಾರು

ಅಡುಗೆಮನೆಯ ಕಿಟಕಿಯ ಸರಳಿನಲ್ಲಿ ಬಟ್ಟೆಯ ಒಂದು ಗಂಟು ನೇತಾಡುತ್ತಿತ್ತು. ಒಳಗಿದ್ದದ್ದು ಹೆಸರುಕಾಳು. ನನ್ನ ಹೆಂಡತಿ ಅದನ್ನು ನೆನೆಸಿ, ನೀರು ಬಸಿದು, ನನ್ನ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಮೊಳಕೆಗೆ ಇಟ್ಟಿದ್ದಳು. ಮರುದಿನ ಬೆಳಿಗ್ಗೆ ಅದು ಜ್ಯೂಸ್ ಆಗಿ ಅವಳ ಅಮ್ಮನ ಲೋಟಕ್ಕೆ ಹೋಗಬೇಕಿತ್ತು. ಮರುದಿನ ಬಂತು, ಅವಳಿರಲಿಲ್ಲ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎದೆ ಒತ್ತಿಕೊಂಡು ಕುಳಿತವಳನ್ನು ರಿಕ್ಷಾಕ್ಕೆ ಹತ್ತಿಸಿ ಕುಂದಾಪುರಕ್ಕೆ ಹೊರಟಿದ್ದೆವು. ತ್ರಾಸಿಯಿಂದ ಅದೇನೂ ದೂರವಲ್ಲ. ಆದರೂ ಅರಾಟೆ ಸೇತುವೆಯ ಮೇಲೆ ಹೋಗುವಾಗ ನನ್ನ ಕೈಯೊಳಗಿದ್ದ ಅವಳ ಕೈ ಭಾರವಾಯಿತು. ರಿಕ್ಷಾದವನಿಗೆ ನಾನು ಹೇಳಲಿಲ್ಲ. ಅವನು ಹಾರ್ನ್ ಒತ್ತುತ್ತಲೇ ಓಡಿಸಿದ.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ನೆರೆಯವರು ಗಂಜಿ ತಂದುಕೊಟ್ಟರು. ಆ ಗಂಟನ್ನು ಯಾರೂ ಮುಟ್ಟಲಿಲ್ಲ. ಮೊಳಕೆಗಳು ಬಟ್ಟೆಯನ್ನೇ ತೂರಿ ಹೊರಗೆ ಬಂದಿದ್ದವು, ಬಿಳಿ ಬಿಳಿ ಬಾಲಗಳು. ನಾನು ಬಂದವರ ನಡುವೆ ಎದ್ದು ಎದ್ದು ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಕೊನೆಗೆ ಪಕ್ಕದ ಮನೆಯ ಹೆಂಗಸು ಒಂದು ದಿನ, “ಇದ್ ಕೊಳ್ತ್ ವಾಸ್ನಿ ಬತ್ತಿತ್ತಲೆ” ಎಂದು ಬಿಚ್ಚಿ ತೆಂಗಿನ ಬುಡಕ್ಕೆ ಸುರಿದು, ಬಟ್ಟೆಯನ್ನು ತೊಳೆದು ಹಗ್ಗಕ್ಕೆ ಹಾಕಿದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು. ನಾನು ಆ ಬಟ್ಟೆ ಒಣಗುವವರೆಗೆ ಅಂಗಳದಲ್ಲಿ ಅತ್ತಿತ್ತ ನಡೆಯುತ್ತಲೇ ಇದ್ದೆ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ನಾನು, ನನ್ನ ಅತ್ತೆ. ಜೊತೆಗೆ ಒಂದು ಬೆಕ್ಕು.

ಅದು ಅತ್ತೆಯ ಮನೆ. ನಮಗೆ ಮಕ್ಕಳಿಲ್ಲ. ಮಾವ ತೀರಿಕೊಂಡಾಗ ಒಬ್ಬಳೇ ಮಗಳಾದ ಹೆಂಡತಿ ಅಮ್ಮನನ್ನು ಬಿಟ್ಟಿರಲಾರೆ ಎಂದಳು, ನಾನು ಬಂದು ಸೇರಿಕೊಂಡೆ. ನನ್ನ ಕೆಲಸ ಬಂದರಿನಲ್ಲಿ, ಮೀನಿನ ಪೆಟ್ಟಿಗೆಗಳಿಗೆ ಐಸ್ ತುಂಬಿಸಿ ಲಾರಿಗೆ ಹತ್ತಿಸುವುದು. ಇಲ್ಲಿಂದ ಅದು ಹತ್ತಿರವೂ ಆಯಿತು. ಅಂದಿನಿಂದ ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅತ್ತೆ ನನ್ನೊಡನೆ ನೇರವಾಗಿ ಒಂದು ಮಾತು ಆಡಿದವರಲ್ಲ. ಜಗಳವಲ್ಲ, ಮರ್ಯಾದೆ. ನಮ್ಮ ಹಳಬರಲ್ಲಿ ಅತ್ತೆಯಾದವಳು ಅಳಿಯನ ಎದುರು ಕುಳಿತುಕೊಳ್ಳುವುದಿಲ್ಲ, ಅವನ ಮುಖ ನೋಡಿ ಮಾತಾಡುವುದಿಲ್ಲ. ಈಗಿನವರು ಅದನ್ನೆಲ್ಲ ಬಿಟ್ಟಿದ್ದಾರೆ. ಇವರು ಬಿಟ್ಟಿರಲಿಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ಸುತ್ತಿ, ಎಂಥ ಗಂಡಸರ ಹತ್ತಿರವೂ ಚೌಕಾಶಿಯಲ್ಲಿ ಸೋಲದೆ ಬಂದ ಹೆಂಗಸು, ನಾನು ಜಗಲಿಗೆ ಬಂದರೆ ಬಾಗಿಲ ಮರೆಗೆ ಸರಿಯುತ್ತಿದ್ದರು.

ಹಾಗಾಗಿ ಮಾತೆಲ್ಲ ಮಗಳ ಮೂಲಕ ಹೋಗಬೇಕು.

“ಅವ್ರಿಗ್ ಇನ್ನೊಂಚೂರ್ ಗಂಜಿ ಬೇಕಾ ಕೇಳ್ ಹೆಣೆ.”

“ಎದ್ರಿಗೇ ಕೂಕಂಡಿದ್ರಲೆ ಅಮ್ಮ, ನೀನೇ ಕೇಳ್.”

“ಕೇಳ್ ಅಂದ್ರೆ ಕೇಳ್.”

ಹೆಂಡತಿ ನನ್ನ ಕಡೆ ತಿರುಗಿ, “ಹ್ವಾಯ್, ನಮ್ಮನಿ ತಹಸೀಲ್ದಾರ್ರ್ ಕೇಳ್ತಿದ್ರ್, ಗಂಜಿ ಬೇಕಾ ಅಂಬ್ರ್” ಎನ್ನುತ್ತಿದ್ದಳು. ಬಾಗಿಲ ಮರೆಯಲ್ಲಿ ಬಳೆ ಸದ್ದಾಗುತ್ತಿತ್ತು. ಅದು ಅತ್ತೆ ನಗುವ ಸದ್ದು.

ಜ್ಯೂಸ್ ಶುರುವಾದದ್ದು ಅತ್ತೆಯ ಹಲ್ಲಿನಿಂದ. ಹಲ್ಲುಗಳೆಲ್ಲ ಹೋದ ಮೇಲೆ ಸೆಟ್ ಮಾಡಿಸಿದೆವು. ಅದನ್ನು ಹಾಕಿಕೊಂಡ ದಿನವೇ ತೆಗೆದು ಡಬ್ಬಿಯಲ್ಲಿಟ್ಟರು. “ಬಾಯಂಗೆ ಏಡಿ ಕೂಕಂಡಂಗ್ ಆತ್” ಎಂದರಂತೆ. ಗಂಜಿ, ಮೀನಿನ ಸಾರು, ಮೆತ್ತಗೆ ಬೇಯಿಸಿದ ಮೀನು, ಇಷ್ಟರಲ್ಲೇ ದಿನ ತೆಗೆಯುತ್ತಿದ್ದರು. ಸೊಪ್ಪು ತರಕಾರಿ ಮುಟ್ಟುತ್ತಿರಲಿಲ್ಲ. ನಡೆಯುವಾಗ ತಲೆ ತಿರುಗುವುದು ಹೆಚ್ಚಾಯಿತು. ಡಾಕ್ಟರು ಸೊಪ್ಪು, ಕಾಳು, ಹಸಿ ತರಕಾರಿ ಹೊಟ್ಟೆಗೆ ಹೋಗಲೇಬೇಕು ಎಂದರು. ಹಲ್ಲಿಲ್ಲದವರಿಗೆ ಅದು ಹೇಗೆ ಹೋಗುವುದು ಎಂದು ಅವರು ಹೇಳಲಿಲ್ಲ.

ಹೆಂಡತಿ ಫೋನಿನಲ್ಲಿ ಏನೇನೋ ನೋಡಿದಳು. ಒಂದು ಹಿಡಿ ಮೊಳಕೆ ಹೆಸರನ್ನು ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಮುಳ್ಳುಸೌತೆಯ ಹೋಳು, ಹಿತ್ತಲಿನ ನಾಲ್ಕು ಒಂದೆಲಗ, ಒಂದು ಚೂರು ಶುಂಠಿ, ತೆಂಗಿನಹಾಲು, ಉಪ್ಪು ಸೇರಿಸಿ ಮಿಕ್ಸಿಗೆ ಹಾಕಿದಳು. ಕ್ಯಾರೆಟ್ ಇದ್ದರೆ ಕ್ಯಾರೆಟ್, ದಪ್ಪ ಆಗಬೇಕಾದರೆ ಬಾಳೆಹಣ್ಣು. “ಇದ್ಕೆ ಸ್ಮೂದಿ ಅಂಬ್ರ್ ಅಮ್ಮ” ಎಂದು ಮೊದಲ ಲೋಟ ಕೊಟ್ಟ ದಿನ ಒಳಗಿನಿಂದ ಬಂದ ಉತ್ತರ ನನಗೆ ಜಗಲಿಗೂ ಕೇಳಿತು.

“ಇದ್ ಸ್ಮೂದಿಯಾ? ದನಿನ್ ಬಾನಿಗ್ ಹಾಕು ಅಕ್ಕಚ್ಚ್ ಹೀಂಗೇ ಇರತ್ತ್. ನಾ ಎಂತ ಹಾಲ್ ಕೊಡ್ಕಾ?”

“ಕೊಡು ಕಾಲ ಹೋಯ್ತ್. ಸುಮ್ನೆ ಕುಡಿ.”

ಬೈಯುತ್ತಲೇ ಕುಡಿದರು. ಕುಡಿದು ಮುಗಿಸಿದ ಲೋಟವನ್ನು ಹೊಸ್ತಿಲಿನ ಪಕ್ಕ ಬೋರಲು ಹಾಕಿದರು. ಆಮೇಲೆ ಅದೇ ರೂಢಿಯಾಯಿತು. ಬೆಳಿಗ್ಗೆ ನಮ್ಮ ಮಿಕ್ಸಿ ಎರಡು ಸಲ ಕೂಗುತ್ತಿತ್ತು. ಮೊದಲು ನನ್ನ ಗಂಜಿಯ ಚಟ್ನಿಗೆ, ಆಮೇಲೆ ಅಮ್ಮನ ಜ್ಯೂಸಿಗೆ. ನಾನು ಗಂಜಿ ಉಂಡು ಕೈ ತೊಳೆಯಲು ಹೋಗುವಾಗ ಬೋರಲು ಬಿದ್ದ ಲೋಟವನ್ನು ದಾಟಿ ಹೋಗುತ್ತಿದ್ದೆ. ನನಗೆ ಆ ಜ್ಯೂಸ್ ಬೇಕೆನಿಸಿರಲಿಲ್ಲ, ಅವಳೂ ಬೇಕಾ ಎಂದು ಕೇಳಿರಲಿಲ್ಲ. ಅದು ಅವರಿಬ್ಬರ ವ್ಯವಹಾರ.

ಮಗಳು ಹೋದ ಮೇಲೆ ಅತ್ತೆ ಮೀನು ಬಿಟ್ಟರು. ಬೊಜ್ಜದ ದಿನ ನೆರೆಯವಳ ಹತ್ತಿರ, “ಇನ್ ನಂಗ್ ಮೀನ್ ಬ್ಯಾಡ” ಎಂದರಂತೆ. ಯಾಕೆ, ಎಷ್ಟು ದಿನಕ್ಕೆ ಎಂದು ಯಾರೂ ಕೇಳಲಿಲ್ಲ. ಮೀನು ಮಾರಿಯೇ ಬದುಕಿದ ಹೆಂಗಸು ಮೀನು ಬೇಡ ಎಂದರೆ ಅದಕ್ಕೆ ಎದುರು ಮಾತಿಲ್ಲ. ಆದರೆ ಅವರ ಊಟದಲ್ಲಿ ಮೀನು ಬಿಟ್ಟರೆ ಉಳಿಯುವುದು ಗಂಜಿಯ ತಿಳಿ ಮಾತ್ರ. ಅದನ್ನೂ ಎರಡು ಗುಟುಕು ಕುಡಿದು ಸರಿಸುತ್ತಿದ್ದರು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಒಂದು ದಿನ ಬಾವಿಯ ಹತ್ತಿರ ಬಿದ್ದರು. ಡಾಕ್ಟರು ನೋಡಿ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ, ಈ ವಯಸ್ಸಿಗೆ ಅದು ಒಳ್ಳೆಯದಲ್ಲ ಎಂದರು.

ಸಾಸ್ತಾನದಲ್ಲಿರುವ ನನ್ನ ಅಕ್ಕ ದಿನಾ ಫೋನ್ ಮಾಡುತ್ತಿದ್ದಳು.

“ತಮ್ಮ, ಹೆಂಡ್ತಿ ಇಲ್ದಿದ್ ಮನಿಯಂಗೆ ಗಂಡ ಎಂತಕ್ ಇಪ್ಪುದ್? ನೆಂಟ ನೀ ಅಲ್ಲಿ. ನಮ್ಮನಿಗ್ ಬಾ.”

“ಅತ್ತೆ ಒಬ್ರೇ ಆತ್ರ್.”

“ಅವ್ರ್ ತಮ್ಮನ್ ಮನಿ ಬ್ರಹ್ಮಾವರದಂಗೆ ಇತ್ತಲ್ದಾ? ಕರ್ಕಂಡ್ ಹೋತ್ರಂಬ್ರ್. ಅವ್ರಿಗೂ ಅಳಿಯನ್ ಎದ್ರ್ ಇಪ್ಪುಕೆ ಕಷ್ಟವೇ. ನಿನ್ ಕೈಯಂಗೆ ಒಂದ್ ಲೋಟ ನೀರ್ ಇಸ್ಕಂಬುಕ್ ಆತ್ತಾ ಅವ್ರಿಗೆ?”

ಅಕ್ಕ ಹೇಳಿದ್ದು ಸುಳ್ಳಾಗಿರಲಿಲ್ಲ. ನಮ್ಮಲ್ಲಿ ಹೆಂಡತಿ ಸತ್ತರೆ ಗಂಡ ಅಕ್ಕತಂಗಿಯರ ಮನೆಗೆ ಹಿಂತಿರುಗುವುದು ಹೊಸತೇನಲ್ಲ. ಆದರೂ ಹೋಗಲು ನನಗೆ ಕಾಲು ಏಳುತ್ತಿರಲಿಲ್ಲ. ಅತ್ತೆಯನ್ನು ಆ ಸ್ಥಿತಿಯಲ್ಲಿ ಯಾರ ಮನೆಗೆ ಕಳಿಸಿದರೂ ಅವರು ಹೆಚ್ಚು ದಿನ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಹೋದರೆ ನನ್ನ ಹೆಂಡತಿಯನ್ನು ಕೂಸಾಗಿದ್ದಾಗಿನಿಂದ ನೋಡಿದವರು ಯಾರೂ ಉಳಿಯುವುದಿಲ್ಲ. ಅವರೊಂದು ಲೋಟ ಪೂರ್ತಿ ಕುಡಿದರೆ ಸಾಕು ಎಂಬುದು ಬಿಟ್ಟರೆ ಬೇರೆ ಯೋಚನೆಯೇ ನನ್ನ ತಲೆಯಲ್ಲಿರಲಿಲ್ಲ.

ನಾನು ಹೆಸರುಕಾಳು ನೆನೆಸಿದೆ.

ಮೊದಲಿಗೆ ಮಿಕ್ಸಿಗೊಂದು ಹೊಸ ಜಾರು ತಂದೆ. ಹಳೆಯ ಜಾರಿನಲ್ಲಿ ಮೀನಿನ ಮಸಾಲೆ, ಒಣಮೀನಿನ ಚಟ್ನಿ ಎಲ್ಲ ಅರೆದದ್ದು. ಮೀನು ಬಿಟ್ಟವರಿಗೆ ಅದರಲ್ಲಿ ಮಾಡಿ ಕೊಡುವುದು ಸರಿಯಲ್ಲ. ಮಸಾಲೆಯ ಬಣ್ಣ ಹಿಡಿದಿದ್ದ ಮರದ ಸೌಟನ್ನೂ ಬದಲಿಸಿದೆ. ಮನೆಗೆ ಮೀನು ತರುವುದನ್ನೇ ನಿಲ್ಲಿಸಿದೆ. ಬಂದರಿನಿಂದ ಬಂದವನು ಬಾವಿಕಟ್ಟೆಯಲ್ಲೇ ಮಿಂದು ಒಳಗೆ ಬರುತ್ತಿದ್ದೆ.

ಮೊದಲ ದಿನ ಜಾರನ್ನು ಕಂಠದವರೆಗೆ ತುಂಬಿಸಿ ಮುಚ್ಚಳದ ಮೇಲೆ ಕೈ ಇಡದೆ ಮಿಕ್ಸಿ ತಿರುಗಿಸಿದೆ. ಮುಚ್ಚಳ ಹಾರಿತು. ಗೋಡೆ, ಕ್ಯಾಲೆಂಡರು, ನನ್ನ ಅಂಗಿ, ಬೆಕ್ಕು, ಎಲ್ಲ ಹಸಿರು. ಬೆಕ್ಕು ಜಗಲಿಗೆ ಓಡಿತು. ಅಲ್ಲಿಂದ ಅತ್ತೆಯ ಸ್ವರ ಕೇಳಿತು. “ಅಯ್ಯೋ ಮಾರಾಯ್ತಿ, ನಿನ್ನ್ ಹುಲ್ಲ್ ಗದ್ದಿಯಂಗೆ ಅದ್ದಿ ತೆಗ್ದ್ರಾ?” ಎಂದು ಬೆಕ್ಕನ್ನು ಕೇಳುತ್ತಿದ್ದರು.

ನಾನು ಗೋಡೆ ಒರೆಸುತ್ತಾ ನಿಂತೆ. ಮಗಳು ಹೋದ ಮೇಲೆ ಅವರು ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲು.

ಅಲ್ಲಿಂದ ನಮ್ಮಿಬ್ಬರಿಗೂ ಬೆಕ್ಕೇ ಗತಿಯಾಯಿತು. ನಾನು ಲೋಟವನ್ನು ಹೊಸ್ತಿಲಿನ ಪಕ್ಕ ಇಟ್ಟು, “ಬೆಕ್ಕೇ, ಜ್ಯೂಸ್ ಇಟ್ಟಿದೆ ಅಂತ ಹೇಳ್” ಎಂದು ಹಿತ್ತಲಿಗೆ ಹೋಗುತ್ತಿದ್ದೆ. ನಾನು ಅಲ್ಲಿಲ್ಲ ಎಂದು ಗೊತ್ತಾದ ಮೇಲೆ ಅವರು ಬಂದು ತೆಗೆದುಕೊಳ್ಳುತ್ತಿದ್ದರು. ನಾನು ಬಸಳೆಯ ಚಪ್ಪರದ ಹತ್ತಿರ ನಿಂತು, ಕೂತು, ಮತ್ತೆ ಎದ್ದು, ಸಾಕಷ್ಟು ಹೊತ್ತಾಯಿತು ಎನ್ನಿಸಿದ ಮೇಲೆ ಒಳಗೆ ಬರುತ್ತಿದ್ದೆ. ಲೋಟ ನೆಟ್ಟಗೆ ನಿಂತಿರುತ್ತಿತ್ತು. ಎರಡು ಗುಟುಕು ಇಳಿದಿರುತ್ತಿತ್ತು, ಅಷ್ಟೆ.

ಹೆಂಡತಿ ಹಾಕುತ್ತಿದ್ದುದೆಲ್ಲ ನನಗೆ ಗೊತ್ತಿತ್ತು. ಹಾಗೆಯೇ ಹಾಕಿದೆ. ಆಗಲಿಲ್ಲ. ಹೆಸರಿಗೆ ಹಸಿವಾಸನೆ ಇರಬಹುದೆಂದು ಹೆಚ್ಚು ಹೊತ್ತು ಬಿಸಿನೀರಿನಲ್ಲಿಟ್ಟೆ. ಶುಂಠಿ ಹೆಚ್ಚು ಮಾಡಿದೆ, ಬಿಟ್ಟೆ. ಸಂತೆಗೆ ಹೋಗಿ ಬೂದುಗುಂಬಳ ತಂದೆ. ಬೀಟ್ರೂಟ್ ತಂದ ದಿನ ಒಳಗಿನಿಂದ, “ಬೆಕ್ಕೇ, ರಕ್ತ ಕುಡೂಕೆ ನಾ ಎಂತ ರಕ್ಕಸಿಯಾ ಕೇಳ್” ಎಂಬ ಮಾತು ಬಂತು. ಹುರುಳಿ ಮೊಳಕೆ ಬರಿಸಿದೆ. ಅದಕ್ಕೆ, “ಎತ್ತಿಗ್ ಇಟ್ಟದ್ದ್ ತಪ್ಪಿ ನಂಗ್ ಬಂತ್ ಕಾಣತ್ತ್” ಎಂದರು. ಬೈಗಳು ಕೇಳಿ ನನಗೆ ಸ್ವಲ್ಪ ಧೈರ್ಯ ಬರುತ್ತಿತ್ತು, ಲೋಟ ನೋಡಿದರೆ ಹೋಗುತ್ತಿತ್ತು. ಉಳಿದದ್ದನ್ನು ಬಸಳೆಯ ಬುಡಕ್ಕೆ ಸುರಿಯುತ್ತಿದ್ದೆ. ಬಸಳೆ ಚೆನ್ನಾಗಿ ಚಿಗುರಿತು.

ನೆರೆಯವಳು ಬೇಲಿಯ ಆಚೆಯಿಂದ ಹೇಳಿದಳು. “ನೀವ್ ಎಂತ ಹಾಕ್ರೂ ಅಷ್ಟೇ. ಅಳಿಯ ಮಾಡಿ ಕೊಟ್ಟದ್ದ್ ಅವ್ರಿಗ್ ಗಂಟ್ಲಂಗೆ ಇಳೀತ್ತಿಲ್ಲೆ. ನಂಗ್ ಕೊಡಿ, ನಾ ಕೊಟ್ಟ್ ಕಾಂತೆ.”

ಹಾಗೂ ಮಾಡಿ ನೋಡಿದೆವು. ಅವಳ ಕೈಯಿಂದಲೂ ಎರಡೇ ಗುಟುಕು.

ಬಂದರಿನಲ್ಲಿ ನಿಂತಾಗ ಮನೆ ನೆನಪಾಗುತ್ತಿತ್ತು. ಮನೆಯಲ್ಲಿ ಕೂತರೆ ಬಂದರಿಗೆ ಹೋಗಬೇಕೆನಿಸುತ್ತಿತ್ತು. ಸಂಜೆ ಹೆದ್ದಾರಿ ದಾಟಿ ಸಮುದ್ರದ ಕಡೆ ಹೋಗುತ್ತಿದ್ದೆ. ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರ ನಡುವೆ ನಿಲ್ಲಲಾಗದೆ ತಿರುಗಿ ಬರುತ್ತಿದ್ದೆ. ಬಂದವನು ಗಂಟನ್ನು ಮುಟ್ಟಿ ನೋಡುತ್ತಿದ್ದೆ, ಒದ್ದೆ ಇದೆಯೇ ಎಂದು. ಮೊಳಕೆಯ ಕೆಲಸ ಒಂದು ದಿನದ್ದಲ್ಲ. ಇವತ್ತು ಅರೆಯುವುದು ಒಂದು, ಗಂಟಿನಲ್ಲಿರುವುದು ಇನ್ನೊಂದು, ನೀರಿನಲ್ಲಿರುವುದು ಮತ್ತೊಂದು. ನಿಲ್ಲಿಸುವುದಾದರೆ ಯಾವ ದಿನ ನಿಲ್ಲಿಸುವುದು? ಯಾವ ದಿನ ನಿಲ್ಲಿಸಿದರೂ ಏನೋ ಒಂದು ಅರ್ಧಕ್ಕೇ ನೇತಾಡುತ್ತದೆ. ಅವಳದು ನೇತಾಡಿದ ಹಾಗೆ.

ಅಕ್ಕ ಕೊನೆಗೆ ಬರುವ ದಿನವನ್ನೇ ಗೊತ್ತು ಮಾಡಿದಳು. ನಾನು ಹೂಂ ಎಂದೆ. ನಾನು ಸೋತಿದ್ದೆ. ಬ್ರಹ್ಮಾವರದವರಿಗೂ ಹೇಳಿಯಾಗಿತ್ತು, ಮರುದಿನ ಬಂದು ಅತ್ತೆಯನ್ನು ಕರೆದುಕೊಂಡು ಹೋಗುವುದು ಎಂದು. ನೆರೆಯವಳು ಅತ್ತೆಗೆ ತಿಳಿಸಿದಳು.

ಆ ಬೆಳಿಗ್ಗೆ ಬೇಗ ಎಚ್ಚರವಾಯಿತು. ಬ್ಯಾಗಿಗೆ ಎರಡು ಅಂಗಿ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಗಂಜಿ ಬೇಯಿಸಿದೆ. ಅದರ ಮುಂದೆ ಕೂತಾಗ ಬರೀ ಉಪ್ಪಿನಕಾಯಿಯಲ್ಲಿ ಉಣ್ಣಲು ಮನಸ್ಸಾಗಲಿಲ್ಲ. ಹಿಂದಿನ ದಿನ ಬಂದರಿನಲ್ಲಿ ಯಾರೋ ಕೊಟ್ಟ ಒಣ ಚಟ್ಲಿ, ಅಂದರೆ ಒಣಗಿಸಿದ ಸಣ್ಣ ಸೀಗಡಿ, ಅಂಗಿಯ ಕಿಸೆಯಲ್ಲಿ ಕಾಗದದ ಪೊಟ್ಟಣದಲ್ಲಿತ್ತು. ಹೇಗೂ ಈ ಮನೆಯಲ್ಲಿ ಇದು ಕೊನೆಯ ಗಂಜಿ. ಅತ್ತೆ ನೆರೆಮನೆಗೆ ಹೋಗಿದ್ದರು. ಹಿತ್ತಲಿನ ಒಲೆಯಲ್ಲಿ ಸೀಗಡಿ ಹುರಿದೆ. ನಮ್ಮ ಕೇರಿಯಲ್ಲಿ ಒಣಮೀನಿನ ವಾಸನೆ ಯಾರ ಮನೆಯದೆಂದು ಹೇಳಲಾಗುವುದಿಲ್ಲ ಎಂದು ಧೈರ್ಯ ತಂದುಕೊಂಡು, ತೆಂಗಿನಕಾಯಿ, ಒಣಮೆಣಸು, ಹುಣಸೆಹಣ್ಣು ಸೇರಿಸಿ ಮೇಲಿನ ಹಲಗೆಯಿಂದ ಹಳೆಯ ಜಾರನ್ನು ಇಳಿಸಿ ಅರೆದೆ. ಬಹಳ ದಿನದ ಮೇಲೆ ಗಂಜಿ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಜಾರನ್ನು ನೀರಿನಲ್ಲಿ ಎರಡು ಸಲ ಗಲಬರಿಸಿ ಬದಿಗಿಟ್ಟೆ.

ಅಷ್ಟರಲ್ಲಿ ಅತ್ತೆ ಹಿಂತಿರುಗಿದರು. ಗಂಟಿನಲ್ಲಿದ್ದ ಕೊನೆಯ ಮೊಳಕೆಯನ್ನು ಹೊಸ ಜಾರಿಗೆ ಹಾಕಿ ಮುಚ್ಚಳ ಒತ್ತಿದರೆ ವಾಷರ್ ಹರಿದು ಕೈಗೇ ಬಂತು. ಅದೇ ಹೊತ್ತಿಗೆ ಫೋನ್.

“ತಮ್ಮ, ಆನೆಗುಡ್ಡಿಯಂಗೆ ಕೈ ಮುಗ್ದ್ ಹೊರ್ಟಾಯ್ತ್. ನೀ ತಯಾರಿದ್ಯಾ?”

“ಹೂಂ.”

“ಎಂತ ಹೂಂ? ಬ್ಯಾಗ್ ಕಟ್ಟಿದ್ಯಾ? ಆ ಬೆಕ್ಕನ್ನೂ ಬ್ಯಾಗಿಗ್ ಹಾಕಂಡ್ ಬರ್ಬೇಡ ಮತ್ತೆ.”

ಆನೆಗುಡ್ಡೆ ಇರುವ ಕುಂಭಾಶಿಯಿಂದ ಕಾರಿನಲ್ಲಿ ಎಷ್ಟು ಹೊತ್ತು ಬೇಕು? ನಾನು ಗಡಿಬಿಡಿಯಲ್ಲಿ ಎಲ್ಲವನ್ನೂ ಕೈಗೆ ಸಿಕ್ಕಿದ ಜಾರಿಗೆ ಸುರಿದು ಅರೆದೆ. ಲೋಟಕ್ಕೆ ಬಗ್ಗಿಸಿದೆ. ಇದೂ ಬಸಳೆಗೇ ಎಂದುಕೊಂಡು ಹೊಸ್ತಿಲಿನ ಪಕ್ಕ ಇಟ್ಟೆ. ಹಿತ್ತಲಿಗೆ ಹೋಗಿ ನಿಂತೆ.

ಕಾರು ಬಂದ ಸದ್ದಾಯಿತು. ಅಕ್ಕ ಅಂಗಳದಿಂದಲೇ ಶುರು ಮಾಡಿದಳು. “ಸೊರ್ಗ್ ಹೋಯ್ದೆ ಕಾಣ್ ನೀ. ಆ ಹಸ್ರ್ ನೀರ್ ಮಾಡಿ ಮಾಡಿ ನೀನೇ ಬಿಳ್ಚ್ಕಂಡಿದೆ. ಎಲ್ಲಿತ್ತ್ ಬ್ಯಾಗ್?”

ಬ್ಯಾಗ್ ತರಲೆಂದು ಒಳಗೆ ಹೋದವನು ಹೊಸ್ತಿಲಿನ ಹತ್ತಿರ ನಿಂತೆ. ಲೋಟ ಬೋರಲು ಬಿದ್ದಿತ್ತು.

ಬೆಕ್ಕು ಉರುಳಿಸಿತೇ ಎಂದು ನೆಲ ಮುಟ್ಟಿ ನೋಡಿದೆ. ಒಣಗಿತ್ತು. ಎತ್ತಿ ನೋಡಿದೆ. ಒಳಗೆ ಗೋಡೆಗಂಟಿದ ಹಸಿರು ಬಿಟ್ಟು ಏನಿಲ್ಲ. ಕೋಣೆಯೊಳಗೆ ಅತ್ತೆ ಅತ್ತ ಮುಖ ಮಾಡಿ ಚಾಪೆಯ ಮೇಲೆ ಕುಳಿತಿದ್ದರು.

ಹೊರಗೆ ಬಂದು, “ಇವತ್ತ್ ಬ್ಯಾಡ ಅಕ್ಕ” ಎಂದೆ.

“ಎಂತ?”

“ಇವತ್ತ್ ಬತ್ತಿಲ್ಲೆ.”

“ಮತ್ ಯಾವತ್ತ್ ಬತ್ತೆ?”

“ಕಾಂಬ” ಎಂದೆ, ಅಂದರೆ ನೋಡೋಣ.

“ಬಾಡ್ಗಿ ಕಾರ್ ಮಾಡ್ಕಂಡ್ ಬಂದಿದೆ ನಾ, ನಿನ್ ಕಾಂಬ ಕೇಂಬುಕಾ?” ಅಕ್ಕನಿಗೆ ಸಿಟ್ಟು ಬಂತು. ಆಮೇಲೆ ನನ್ನ ಮುಖ ನೋಡಿ ಜಗಲಿಯಲ್ಲಿ ಕುಳಿತಳು. ಚಾ ಕುಡಿದು, ಬ್ರಹ್ಮಾವರದವರಿಗೆ ತಾನೇ ಫೋನ್ ಮಾಡಿ ಈಗ ಬರುವುದು ಬೇಡ ಎಂದು ಹೇಳಿ ಹೋದಳು.

ಅಕ್ಕ ಹೋದ ಮೇಲೆ ಜಾರಿನ ತಳದಲ್ಲಿ ಉಳಿದಿದ್ದನ್ನು ಬೆರಳಿನಲ್ಲಿ ತೆಗೆದು ಬಾಯಿಗಿಟ್ಟೆ. ತೆಂಗಿನಹಾಲು, ಸೌತೆ, ಶುಂಠಿ. ಅದರ ಹಿಂದೆ, ನುಂಗಿದ ಮೇಲೆ, ಹುರಿದ ಸೀಗಡಿಯ ವಾಸನೆ, ಒಣಮೆಣಸಿನ ಚೂರು ಖಾರ. ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ನನ್ನ ಹೆಂಡತಿಗೂ ಇದ್ದದ್ದು ಇದೊಂದೇ ಜಾರು. ಮೊದಲು ನನ್ನ ಚಟ್ನಿ, ಗಲಬರಿಸಿ ಅಮ್ಮನ ಜ್ಯೂಸ್. ದಿನಾ. ಅವಳು ಮಾಡುತ್ತಿದ್ದ ಜ್ಯೂಸಿನ ರುಚಿ ನಾನು ನೋಡಿದ್ದು ಅವಳು ಹೋದ ಮೇಲೆ, ನಾನೇ ಮಾಡಿದ್ದರಲ್ಲಿ.

ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಮೀನು ಬಿಟ್ಟವರಿಗೆ ಮೀನಿನ ನೀರು ಕುಡಿಸಿದ್ದೆ. ಅವರಿಗೆ ಗೊತ್ತಾಗಿದೆಯೋ ಇಲ್ಲವೋ. ಗೊತ್ತಾಗದೆ ಕುಡಿದಿದ್ದರೆ, ಇನ್ನು ಮುಂದೆ ಗೊತ್ತಾಗದ ಹಾಗೆಯೇ ಕುಡಿಸುವುದೇ? ಕುಡಿಸಿದರೆ ಅವರು ಬದುಕುತ್ತಾರೆ. ಆದರೆ ಮಗಳಿಗಾಗಿ ಬಿಟ್ಟದ್ದನ್ನು ಅವರಿಗೆ ತಿಳಿಯದಂತೆ ಮುರಿಸಲು ನಾನು ಯಾರು? ಮಧ್ಯಾಹ್ನವೇ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದೆ. ಹೊಸ ಜಾರಿಗೆ ವಾಷರ್ ತಂದೆ. ಬರುವಾಗ ಅರಾಟೆ ಸೇತುವೆಯ ಮೇಲೆ ಎಂದಿನಂತೆ ಕಣ್ಣು ಮುಚ್ಚಿಕೊಂಡೆ.

ಗಂಟಿನಲ್ಲಿ ಏನೂ ಉಳಿದಿರಲಿಲ್ಲ. ಮತ್ತೆ ನೆನೆಸಿ, ಕಟ್ಟಿ, ಕಾದೆ. ನಡುವಿನ ದಿನ ಅತ್ತೆ ಗಂಜಿಯ ತಿಳಿಯಲ್ಲೇ ಇದ್ದರು. ಮೊಳಕೆ ಬಂದ ಬೆಳಿಗ್ಗೆ ಹೊಸ ಜಾರಿನಲ್ಲಿ ಅಷ್ಟನ್ನೇ, ಹಾಗೆಯೇ ಹಾಕಿ ಮಾಡಿ ಇಟ್ಟೆ. ಹಿತ್ತಲಿಗೆ ಹೋಗಿ ಬಂದೆ. ಲೋಟ ನೆಟ್ಟಗೆ ನಿಂತಿತ್ತು. ಎರಡು ಗುಟುಕು.

ಇನ್ನು ಸುಮ್ಮನಿರಲು ಆಗಲಿಲ್ಲ. ಬೆಕ್ಕು ಹೊಸ್ತಿಲಿನ ಮೇಲೆ ಬಿಸಿಲು ಕಾಯುತ್ತಿತ್ತು. ಅದರ ಎದುರು ಕುಕ್ಕರುಗಾಲಲ್ಲಿ ಕುಳಿತೆ.

“ಬೆಕ್ಕೇ, ಮೊನ್ನೆ ಒಂದ್ ತಪ್ಪಾಯ್ತ್” ಎಂದೆ. “ಹಳೇ ಜಾರಂಗೆ ಚಟ್ಲಿ ಚಟ್ನಿ ಅರ್ದಿದೆ. ಅದ್ರಂಗೇ ಜ್ಯೂಸ್ ಮಾಡಿ ಕೊಟ್ಟೆ. ಬೇಕಂತ ಮಾಡದ್ದಲ್ಲ. ಅತ್ತೆಗೆ ಹೇಳ್. ಬಯ್ಯುದಾರೆ ಬಯ್ಲಿ.”

ಒಳಗೆ ಬಳೆ ಸದ್ದಾಯಿತು. ಆಮೇಲೆ ಸ್ವರ.

“ಬೆಕ್ಕಿಗ್ ಎಂತಕ್ ಹೇಳುದ್? ಅದ್ ಬಂದ್ ನಂಗ್ ಹೇಳತ್ತಾ? ನಂಗೇ ಹೇಳಿ.”

ನಾನು ಎದ್ದು ನಿಂತೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮರೆಯಲ್ಲಿ ಅಲ್ಲ. ಸೆರಗನ್ನು ತಲೆಗೆ ಎಳೆದುಕೊಂಡಿದ್ದರು, ಆದರೆ ಮುಖ ನನ್ನ ಕಡೆಯೇ ಇತ್ತು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿದವನಲ್ಲ. ಗಲ್ಲ ಹೆಂಡತಿಯದೇ.

“ಗೊತ್ತಾಯ್ತಾ ನಿಮ್ಗೆ?” ಎಂದೆ.

“ಮೀನ್ ಮಾರಿ ತಲಿ ಕೂದ್ಲ್ ಉದ್ರಿ ಹೋಯ್ತ್ ನಂಗೆ. ಚಟ್ಲಿ ಪರಿಮಳ ಗೊತ್ತಾತಿಲ್ಯಾ? ನೀವ್ ಹಿತ್ಲಂಗೆ ಹುರುವತ್ತಿಗೇ ಗೊತ್ತಾಯ್ತ್. ಆಚಿ ಮನಿ ಹೆಣ್ಣ್ ಹೇಳಿತ್, ನಿಮ್ಮ್ ಅಳಿಯ ಕದ್ದ್ ತಿಂತಿದ್ರ್ ಕಾಣಿ ಅಂತ.”

“ನೀವ್ ಮೀನ್ ಬಿಟ್ಟವ್ರ್ ಅಲ್ದಾ?”

“ಮೀನ್ ಬ್ಯಾಡ ಅಂದೆ. ಮೀನಿನ್ ಪರಿಮಳ ಬ್ಯಾಡ ಅಂದಿದ್ನಾ?” ಎಂದರು. ಆಮೇಲೆ ಸ್ವರ ಇಳಿಸಿ ಹೇಳಿದರು. “ಅವ್ಳ್ ಕೊಡ್ತಿದ್ದದ್ದ್ ಹಾಂಗೇ ಇರ್ತಿತ್ತ್. ದಿನಾ ಬೈತಿದ್ದೆ, ಜಾರ್ ಸಮಾ ತೊಳಿ ಹೆಣೆ ಅಂತ. ತೊಳೂಕ್ ಅವ್ಳಿಗೆ ಪುರ್ಸೊತ್ತಿಲ್ಲ. ನೀವ್ ಇಷ್ಟ್ ಚೆಂದ ತೊಳ್ದ್ ಕೊಟ್ರೆ ನಾ ಹ್ಯಾಂಗ್ ಕುಡಿಲಿ?”

ನಾನು ಲೋಟವನ್ನು ಎತ್ತಿಕೊಂಡೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಬೆಕ್ಕು ಎದ್ದು ನಮ್ಮಿಬ್ಬರ ನಡುವಿನಿಂದ ಅಂಗಳಕ್ಕೆ ಹೋಯಿತು.

ಅವತ್ತಿನಿಂದ ಬೆಳಿಗ್ಗೆ ಮಿಕ್ಸಿ ಮತ್ತೆ ಎರಡು ಸಲ ಕೂಗುತ್ತದೆ. ಮೊದಲು ಸೀಗಡಿ ಚಟ್ನಿ, ನನ್ನ ಗಂಜಿಗೆ. ಎರಡು ಸಲ ಗಲಬರಿಸಿ ಅದರಲ್ಲೇ ಹೆಸರು, ಸೌತೆ, ಒಂದೆಲಗ. ಹೊಸ ಜಾರು ಮೇಲಿನ ಹಲಗೆ ಸೇರಿದೆ. ಅತ್ತೆಯ ಬಳೆ ಈಗ ಮಣಿಕಟ್ಟಿನ ಹತ್ತಿರವೇ ನಿಲ್ಲುತ್ತದೆ. ಮೀನು ಇನ್ನೂ ತಿನ್ನುವುದಿಲ್ಲ, ನಾನು ಕೇಳುವುದೂ ಇಲ್ಲ. ನನ್ನೊಡನೆ ಮಾತು ಬಹಳವಿಲ್ಲ. ಇದ್ದದ್ದೆಲ್ಲ ದೂರು. ಶುಂಠಿ ಹೆಚ್ಚಾಯಿತು, ತೆಂಗಿನಹಾಲು ನೀರಾಯಿತು, ಮೊಳಕೆ ಬಾಲ ಉದ್ದವಾಗುವವರೆಗೆ ಬಿಟ್ಟರೆ ಕಹಿಯಾಗುತ್ತದೆ ಎಂದು ಎಷ್ಟು ಸಲ ಹೇಳುವುದು.

ಅಕ್ಕ ಫೋನ್ ಮಾಡಿದರೆ ಈಗಲೂ ಕೇಳುತ್ತಾಳೆ. ನಾನು ಕಾಂಬ ಎನ್ನುತ್ತೇನೆ. ಮೊನ್ನೆ ಹಾಗೆ ಹೇಳುವಾಗ ಅತ್ತೆ ಬಾಗಿಲಲ್ಲಿದ್ದರು.

“ಎಂತ ಕಾಂಬುದ್?” ಎಂದರು. “ಬತ್ತಿಲ್ಲೆ ಅಂತ ಹೇಳಿ. ಪಾಪ, ಆ ಹೆಣ್ಣ್ ಮತ್ ಬಾಡ್ಗಿ ಕಾರ್ ಮಾಡ್ಕಂಡ್ ಬಂದೀತ್.”

ನಾನು ಫೋನಿನಲ್ಲಿ ಹಾಗೇ ಹೇಳಿದೆ. ಅಕ್ಕ ಆಚೆ ಕಡೆ ಏನೋ ಹೇಳುತ್ತಲೇ ಇದ್ದಳು. ನನಗೆ ಮಾತ್ರ ಕುಳಿತಲ್ಲಿ ಕೂರಲು ಇನ್ನೂ ಆಗುವುದಿಲ್ಲ. ಫೋನನ್ನು ಕಿವಿಗೆ ಇಟ್ಟುಕೊಂಡೇ ಎದ್ದು ಅಡುಗೆಮನೆಗೆ ಹೋದೆ. ಕಿಟಕಿಯ ಸರಳಿನಲ್ಲಿ ತೂಗುತ್ತಿದ್ದ ಗಂಟನ್ನು ಮುಟ್ಟಿ ನೋಡಿದೆ. ಬಟ್ಟೆ ಸ್ವಲ್ಪ ಒಣಗಿತ್ತು. ನೀರು ಚಿಮುಕಿಸಿದೆ.